ನೂರು ತಾಟಿನ ಅಡುಗೆಗೆ ಮನೆಯ ಲೆಕ್ಕ ಸಾಲದು

ಸಂಪಾದಕರಿಗೆ ಶರಣು.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಮನೆಯಿಂದಲೇ ಕೇಟರಿಂಗ್ ಮಾಡಿ ಗಳಿಸುವ ಬಗ್ಗೆ ಒಂದು ಪುಟದ ಬರಹ ಬಂದಿತ್ತು. ಮರುದಿನ ಬೆಳಿಗ್ಗೆ ನಮ್ಮ ಓಣಿಯ ಒಬ್ಬ ಹುಡುಗಿ ಆ ಹಾಳೆ ಹಿಡಿದುಕೊಂಡು ನಮ್ಮನೆಗೆ ಬಂದಳು. ಮದುವೆಯಾಗಿ ಮೂರು ವರ್ಷ, ಕೈಯಲ್ಲೊಂದು ಕೂಸು, ಗಂಡನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. "ದೊಡ್ಡವ್ವಾ, ನಾನೂ ಚಾಲೂ ಮಾಡೀನಿ. ತೊಟ್ಟಿಲ ಕಾರ್ಯಕ್ಕ ನೂರೈವತ್ತು ತಾಟಿನ ಆರ್ಡರ್ ಹಿಡದೀನಿ" ಅಂದಳು. ಅವಳ ಖುಷಿ ನೋಡಿ ನನಗೂ ಖುಷಿಯಾಯಿತು. ಅದರ ಹಿಂದೆಯೇ ಎದೆ ಝಲ್ ಅಂದಿತು. ಅವಳು ಇಲ್ಲಿವರೆಗೆ ಒಮ್ಮೆಗೆ ಮಾಡಿದ ದೊಡ್ಡ ಅಡುಗೆ ಅಂದರೆ ಹದಿನೈದು ಮಂದಿಯದು.

ನಾನು ಕಲಬುರಗಿಯ ಬ್ರಹ್ಮಪುರದವಳು. 2008ರಿಂದ ರೊಟ್ಟಿ ಕೇಂದ್ರ ನಡೆಸುತ್ತಿದ್ದೇನೆ. ಮೊದಲು ಹಳ್ಳಿಗಳಿಂದ ಓದಲು ಬಂದ ಹುಡುಗರ ರೂಮುಗಳಿಗೆ ದಿನಕ್ಕೆ 40 ರೊಟ್ಟಿ ಕೊಡುತ್ತಿದ್ದೆ. ಆಮೇಲೆ ಪಲ್ಯ ಕೇಳಿದರು, ಆಮೇಲೆ ಬ್ಯಾಳಿ ಕೇಳಿದರು. ಹಂಗೇ ಕುಬಸ, ನಿಶ್ಚಯ, ಗೃಹಪ್ರವೇಶದ ಊಟ ಹಿಡಿಯುವವರೆಗೆ ಬಂತು. ಈಗ ಐದು ಹೆಣ್ಣುಮಕ್ಕಳು ನನ್ನ ಜೊತೆ ದುಡಿಯುತ್ತಾರೆ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಲಿ ಅನ್ನುವವರಲ್ಲಿ ನಾನೇ ಮೊದಲಿಗಳು. ಆದರೆ ನಿಮ್ಮ ಬರಹದಲ್ಲಿ ಕೈರುಚಿ ಇದ್ದರೆ ಉಳಿದದ್ದೆಲ್ಲ ತಾನಾಗಿಯೇ ಬರುತ್ತದೆ ಅನ್ನುವ ಹಂಗೆ ಇತ್ತು. ನನ್ನ ಅನುಭವದಲ್ಲಿ ಕೈ ಸುಟ್ಟುಕೊಂಡವರೆಲ್ಲ ಒಳ್ಳೆ ಕೈರುಚಿ ಇದ್ದವರೇ. ಅವರಿಗೆ ತಪ್ಪಿದ್ದು ಅಳತೆ, ಇಲ್ಲವೇ ಹೊತ್ತು.

ಮೊದಲು ದುಡ್ಡಿನ ಮಾತು. ನೂರು ತಾಟು, ತಾಟಿಗೆ 150 ರೂಪಾಯಿ, ಅಂದರೆ 15 ಸಾವಿರ ಅಂತ ಆ ಬರಹದಲ್ಲಿ ಇತ್ತು. ಅದು ಕೈಗೆ ಬರುವ ದುಡ್ಡು. ಉಳಿಯುವ ದುಡ್ಡು ಎಷ್ಟು? ನನ್ನ ವಹಿಯಲ್ಲಿರುವ, ಅಷ್ಟೇ ತಾಟಿನ, ಅದೇ ದರದ ಒಂದು ನಿಶ್ಚಯದ ಲೆಕ್ಕ ಇಲ್ಲಿ ಬರೆಯುತ್ತೇನೆ. ದಿನಸಿ 6,200. ತರಕಾರಿ, ಹಾಲು, ಮೊಸರು 1,800. ರೊಟ್ಟಿ ಬಡಿಯುವ ಮೂವರಿಗೆ 1,500. ಬಡಿಸುವ ಮೂರು ಹುಡುಗರಿಗೆ 1,500. ಗ್ಯಾಸ್ 900. ಆಟೋ ಎರಡು ಸಲ ಹೋಗಿ ಬಂದದ್ದಕ್ಕೆ 800. ಡಬ್ರಿ ಅಂದರೆ ದೊಡ್ಡ ಅಡುಗೆ ಪಾತ್ರೆ, ಪರಾತ, ಒಲೆ, ಇವುಗಳ ಬಾಡಿಗೆ 500. ಕೂಡಿದರೆ 13,200. ನನಗೆ ಉಳಿದದ್ದು 1,800 ರೂಪಾಯಿ. ಹಿಂದಿನ ದಿನ ಗಂಜ್‌ಗೆ ಹೋಗಿ ಸಾಮಾನು ತಂದದ್ದು, ರಾತ್ರಿ ಶೇಂಗಾ ಹುರಿದು ಕುಟ್ಟಿದ್ದು, ನಸುಕಿನ ಮೂರೂವರೆಗೆ ಎದ್ದದ್ದು, ಸಂಜೆ ಭಾಂಡೆ ತಿಕ್ಕಿಸಿದ್ದು, ಎಲ್ಲ ಸೇರಿ ಎರಡು ದಿನದ ದುಡಿಮೆಗೆ ಅಷ್ಟು. ಇದು ಕಡಿಮೆ ಅಂತ ನಾನು ಹೇಳುತ್ತಿಲ್ಲ. ತಿಂಗಳಿಗೆ ಎಂಟು ಹತ್ತು ಆರ್ಡರ್ ಬಂದರೆ ಮನೆ ನಡೆಯುತ್ತದೆ, ನಮ್ಮನೆ ನಡೆದಿದೆ. ಆದರೆ 15 ಸಾವಿರ ಅಂತ ಓದಿದ ಹುಡುಗಿ ಸಾಲ ಮಾಡಿ ಭಾಂಡೆ ಕೊಳ್ಳಲು ಹೊರಟಿದ್ದಳು. ಮೊದಲ ವರ್ಷ ಬಾಡಿಗೆಗೆ ತಗೋ, ಕೊಳ್ಳಬೇಡ ಅಂತ ಹೇಳಿದ್ದೇನೆ.

ಇನ್ನು ಅಡುಗೆಯ ಮಾತು. ಒಂದು ಅನಾಹುತ ಹೇಳಿಬಿಡುತ್ತೇನೆ, ಅದರಿಂದಲೇ ನಾನು ಜಾಸ್ತಿ ಕಲಿತದ್ದು.

ಕೆಲವು ವರ್ಷದ ಹಿಂದೆ ಮೇ ತಿಂಗಳಲ್ಲಿ ಸೇಡಂ ರಸ್ತೆಯ ಕಡೆ ಒಂದು ಫಂಕ್ಷನ್ ಹಾಲ್‌ನಲ್ಲಿ 250 ಮಂದಿಯ ಊಟ. ಹನ್ನೆರಡೂವರೆಗೆ ಪಂಗ್ತಿ ಅಂತ ಹೇಳಿದ್ದರು. ಕಲಬುರಗಿಯ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಹೊರಗೆ 43 ಡಿಗ್ರಿ, ಅಡುಗೆ ಕೋಣೆಯ ಮೇಲೆ ತಗಡು. ಬಿಸಿಲೇರುವ ಮೊದಲೇ ಮುಗಿಸಿಬಿಡೋಣ ಅಂತ ಒಂಬತ್ತೂವರೆಗೆ ಬ್ಯಾಳಿ ಮಾಡಿ ಮುಗಿಸಿದೆವು. ಎರಡು ದೊಡ್ಡ ಡಬ್ರಿ, ಒಂದೊಂದರಲ್ಲಿ ಐದು ಕಿಲೋ ತೊಗರಿಬ್ಯಾಳಿ. ಒಗ್ಗರಣೆ ಹಾಕಿ, ಕೊತ್ತಂಬರಿ ಉದುರಿಸಿ, ಒಂದನ್ನು ಒಲೆಯ ಮೇಲೇ ಬಿಟ್ಟೆವು. ಎರಡನೆಯದಕ್ಕೆ ಬಿಸಿ ಆರಬಾರದು ಅಂತ ಮುಚ್ಚಳ ಬಿಗಿಯಾಗಿ ಹಾಕಿ, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ ಸ್ಟೋರ್ ರೂಮಿನಲ್ಲಿ ಇಟ್ಟೆವು. ಬೀಗರು ಬರುವುದು ತಡವಾಯಿತು. ಮಾತುಕತೆ ಮುಗಿದು ಜನ ಊಟಕ್ಕೆ ಕೂತಾಗ ಎರಡು ಮುಕ್ಕಾಲು. ಎರಡನೇ ಡಬ್ರಿಯ ಮುಚ್ಚಳ ತೆಗೆದೆ. ಅಂಚಿನ ಸುತ್ತ ಸಣ್ಣ ಸಣ್ಣ ನೊರೆ. ಹುಟ್ಟು ಹಾಕಿ ಎತ್ತಿದರೆ ಎಳೆ ಎಳೆಯಾಗಿ ಬಂತು. ಹುಳಿ ವಾಸನೆ ಆಮೇಲೆ ಮೂಗಿಗೆ ಬಂತು, ಕಣ್ಣಿಗೆ ಮೊದಲೇ ಗೊತ್ತಾಗಿತ್ತು.

ಆ ಡಬ್ರಿಯನ್ನು ಫಂಕ್ಷನ್ ಹಾಲ್‌ನ ಹಿಂದೆ ಗುಂಡಿ ತೋಡಿಸಿ ಸುರಿಸಿದೆ. ನನ್ನ ಜೊತೆಗಿದ್ದ ಅಕ್ಕ "ಇನ್ನೊಮ್ಮಿ ಕುದಿಸಿ ನಿಂಬಿಹಣ್ಣ ಹಿಂಡಿದರ ಗೊತ್ತಾಗಂಗಿಲ್ರಿ" ಅಂದಳು. ಬೇಡ ಅಂದೆ. ಮಕ್ಕಳು, ಬಸುರಿ ಹೆಣ್ಣುಮಕ್ಕಳು ಕೂತಿದ್ದರು. ಕಡಲೆಹಿಟ್ಟು ಎಂಟು ಕಿಲೋ ಇತ್ತು. ಎರಡು ಒಲೆಯ ಮೇಲೆ ಅಗಲ ಬಾಣಲೆ ಇಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಕತ್ತರಿಸಿ ಹಾಕಿ ಝುಣಕ ಮಾಡಿದೆವು. ಇಪ್ಪತ್ತೈದು ನಿಮಿಷ ಹಿಡಿಯಿತು. ಮೊದಲ ಪಂಗ್ತಿ ಮೊದಲ ಡಬ್ರಿಯ ಬ್ಯಾಳಿಯಲ್ಲಿ ನಡೆಯಿತು. ಅದನ್ನು ಸಣ್ಣ ಉರಿಯ ಮೇಲೆ ಬಿಟ್ಟಿದ್ದೆವು, ಕುದಿ ಹತ್ತುತ್ತಲೇ ಇತ್ತು, ಅದಕ್ಕೇ ಉಳಿದಿತ್ತು. ಇವತ್ತಿಗೂ ಪ್ರತಿ ಆರ್ಡರ್‌ಗೆ ಐದು ಕಿಲೋ ಕಡಲೆಹಿಟ್ಟು ಹೆಚ್ಚಿಗೆ ಒಯ್ಯುತ್ತೇನೆ. ಹೊತ್ತು ತಪ್ಪಿದಾಗ ಅಷ್ಟು ಬೇಗ ಆಗುವ ಪಲ್ಯ ಬೇರೆ ಇಲ್ಲ.

ಯಾಕೆ ಹಂಗಾಯಿತು ಅಂತ ಆಹಾರ ಸುರಕ್ಷತೆಯ ಒಂದು ದಿನದ ತರಬೇತಿಗೆ ಹೋದಾಗ ತಿಳಿಯಿತು. ಬೇಯಿಸಿದ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ಇಲ್ಲಾಂದರೆ 5 ಡಿಗ್ರಿಗಿಂತ ಕೆಳಗಿರಬೇಕು. ನಡುವೆ ಇದ್ದರೆ ಅದರಲ್ಲಿ ಜೀವಾಣು ಬೆಳೆಯುತ್ತವೆ. ಮನೆಯ ಪಾತ್ರೆ ಅರ್ಧ ತಾಸಿನಲ್ಲಿ ಆರುತ್ತದೆ, ನಾವು ಉಣ್ಣುತ್ತೇವೆ, ಮುಗೀತು. ದೊಡ್ಡ ಡಬ್ರಿಯ ಹೊಟ್ಟೆ ತಾಸುಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ನಾನು ಬಿಸಿ ಉಳಿಸಲು ಅಂತ ಮುಚ್ಚಿದ್ದು ಅದಕ್ಕೆ ಇನ್ನೂ ಅನುಕೂಲ ಮಾಡಿಕೊಟ್ಟಿತ್ತು. ಅನ್ನದ್ದಂತೂ ಇನ್ನೂ ಕಷ್ಟ. ಅಕ್ಕಿಯಲ್ಲಿರುವ ಒಂದು ಜಾತಿಯ ಜೀವಾಣುವಿನ ಬೀಜ ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಾಗ ಅದು ಮೊಳೆತು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮುಂಜಾನೆಯ ಅನ್ನಕ್ಕೆ ಮಧ್ಯಾಹ್ನ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿ ಬಡಿಸುವವರು ಇದನ್ನು ತಿಳಿದುಕೊಳ್ಳಬೇಕು.

ಈಗ ನಾನು ಒಂದೇ ಸಲಕ್ಕೆ ಅನ್ನ ಬೇಯಿಸುವುದಿಲ್ಲ. ಮೂರು ಸುತ್ತು ಮಾಡುತ್ತೇನೆ. ಮೊದಲ ಪಂಗ್ತಿ ಕೂತಾಗ ಎರಡನೇ ಸುತ್ತು ಒಲೆ ಮೇಲೆ ಇರುತ್ತದೆ. ಬ್ಯಾಳಿ ಬೇಯಿಸಿ ಕುದಿಯುವಂತೆಯೇ ಇಟ್ಟು, ಒಗ್ಗರಣೆ ಬೇರೆ ಪಾತ್ರೆಯಲ್ಲಿ ಮಾಡಿ, ಬಡಿಸುವ ಮುಂಚೆ ಬಕೆಟ್ ಲೆಕ್ಕದಲ್ಲಿ ಕೂಡಿಸುತ್ತೇನೆ. ಗ್ಯಾಸ್ ಸ್ವಲ್ಪ ಜಾಸ್ತಿ ಹೋಗುತ್ತದೆ. ಹೋಗಲಿ.

ಅಳತೆಯ ಬಗ್ಗೆ ಆ ಹುಡುಗಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ಮನೆಯಲ್ಲಿ ಒಂದು ಗ್ಲಾಸ್ ಅಕ್ಕಿಗೆ ಎರಡು ಗ್ಲಾಸ್ ನೀರು. ಹತ್ತು ಕಿಲೋ ಸೋನಾ ಮಸೂರಿಗೆ ಅದೇ ಲೆಕ್ಕ ಹಾಕಿದರೆ ಅನ್ನ ಮುದ್ದೆಯಾಗುತ್ತದೆ. ಪಾತ್ರೆ ದೊಡ್ಡದಾದಷ್ಟೂ ಒಳಗಿನ ನೀರಿಗೆ ಹೋಲಿಸಿದರೆ ಮೇಲೆ ಆವಿಯಾಗಿ ಹೋಗುವುದು ಕಡಿಮೆ. ನಾನು ಗ್ಲಾಸಿಗೆ ಒಂದೂವರೆಗಿಂತ ಚೂರು ಹೆಚ್ಚು ನೀರು ಇಡುತ್ತೇನೆ, ಬೇಕಾದರೆ ಕುದಿನೀರು ಚಿಮುಕಿಸುತ್ತೇನೆ. ಉಪ್ಪು, ಖಾರವೂ ಅಷ್ಟೇ. ಹತ್ತು ಮಂದಿಯ ಸಾರಿಗೆ ಎರಡು ಚಮಚ ಉಪ್ಪಾದರೆ ನೂರು ಮಂದಿಗೆ ಇಪ್ಪತ್ತು ಅಂತ ಒಮ್ಮೆಗೇ ಸುರಿಯಬಾರದು. ಮುಕ್ಕಾಲು ಪಾಲು ಹಾಕಿ, ಪೂರ್ತಿ ಕುದಿ ಬಂದ ಮೇಲೆ ತಳದಿಂದ ತಿರುವಿ ರುಚಿ ನೋಡಬೇಕು. ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಹೊಸಬರು ಎಲ್ಲರೂ ತಪ್ಪುತ್ತಾರೆ. ಎರಡು ಲೀಟರ್ ಎಣ್ಣೆಯಲ್ಲಿ ಅರ್ಧ ಕಿಲೋ ಬೆಳ್ಳುಳ್ಳಿ ಬಹಳ ಹೊತ್ತು ಬೆಳ್ಳಗೇ ಇರುತ್ತದೆ. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗುತ್ತದೆ, ಯಾಕಂದರೆ ಉರಿ ಆರಿಸಿದ ಮೇಲೂ ಅಷ್ಟು ಎಣ್ಣೆ ಕಾದೇ ಇರುತ್ತದೆ. ಬಂಗಾರದ ಬಣ್ಣ ಬರುವ ಮುಂಚೆಯೇ ಇಳಿಸಬೇಕು. ಉಳಿದ ಬಣ್ಣ ಕೆಳಗೆ ಬಂದ ಮೇಲೆ ಬರುತ್ತದೆ.

ಎಣ್ಣೆಗಾಯಿ ಬದನೆಗೆ ಆಳದ ಡಬ್ರಿ ಬೇಡ, ಅಗಲದ ಪಾತ್ರೆ ಬೇಕು. ಆಳದಲ್ಲಿ ಮಾಡಿದರೆ ಕೆಳಗಿನ ಕಾಯಿ ಮೇಲಿನವುಗಳ ಭಾರಕ್ಕೆ ನುಜ್ಜುಗುಜ್ಜಾಗುತ್ತವೆ, ಶೇಂಗಾ ಮಸಾಲೆ ತಳ ಹಿಡಿಯುತ್ತದೆ. ಪುಂಡಿ ಪಲ್ಯವನ್ನು ಅಲ್ಯುಮಿನಿಯಂ ಡಬ್ರಿಯಲ್ಲಿ ಮಾಡಲೇಬೇಡಿ. ಅದರ ಹುಳಿಗೆ ಪಾತ್ರೆ ಕರಗಿ ಪಲ್ಯದ ಬಣ್ಣ ಕೆಡುತ್ತದೆ, ಲೋಹದ ರುಚಿ ಬರುತ್ತದೆ. ಸ್ಟೀಲ್ ಡಬ್ರಿಗೆ ಬಾಡಿಗೆ ಹೆಚ್ಚು, ಆದರೂ ಅದೇ ತಗೊಳ್ಳಬೇಕು. ಬೇಸಿಗೆಯಲ್ಲಿ ಹೂರಣದ ಹೋಳಿಗೆ ಕೇಳುವವರಿಗೆ ನಾನು ಶೇಂಗಾ ಹೋಳಿಗೆ ಮಾಡಿಸಿಕೊಳ್ಳಿ ಅನ್ನುತ್ತೇನೆ. ಹೂರಣದಲ್ಲಿ ಬೇಯಿಸಿದ ಬ್ಯಾಳಿಯ ನೀರಿನಂಶ ಇರುತ್ತದೆ, ಬಿಸಿಲಲ್ಲಿ ಒಂದು ದಿನಕ್ಕೇ ಕೆಡುತ್ತದೆ. ಶೇಂಗಾ, ಬೆಲ್ಲದ್ದು ವಾರದ ಮೇಲೂ ಇರುತ್ತದೆ. ಉಳಿದರೂ ನಷ್ಟವಿಲ್ಲ.

ರೊಟ್ಟಿಯ ಬಗ್ಗೆ ಬರೆಯದಿದ್ದರೆ ನನ್ನ ಮನಸ್ಸು ಕೇಳುವುದಿಲ್ಲ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ತನ್ನಿಂದ ತಾನೇ ಹಿಡಿದುಕೊಳ್ಳುವ ಗುಣ ಇಲ್ಲ. ಕುದಿಯುವ ಎಸರು ಹಾಕಿ ನಾದಿದಾಗಲೇ ಜಿಗಿ ಬರುತ್ತದೆ. ಹಿಟ್ಟು ಹಳೆಯದಾದರೆ ಎಸರು ಎಷ್ಟು ಕುದ್ದರೂ ರೊಟ್ಟಿಯ ಅಂಚು ಸೀಳುತ್ತದೆ. ಅದಕ್ಕೆ ನಾನು ಮಾಲ್ದಂಡಿ ಜೋಳ ತಂದು, ಹಸನು ಮಾಡಿ, ಎರಡು ದಿನಕ್ಕೆ ಬೇಕಾದಷ್ಟೇ ಗಿರಣಿಗೆ ಹಾಕಿಸುತ್ತೇನೆ. ಗಿರಣಿಯಿಂದ ಬಂದ ಹಿಟ್ಟು ಕೈ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಹಂಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಸೀರೆಯ ಮೇಲೆ ಹರಡಿ, ಬೆರಳಿನಿಂದ ಗೆರೆ ಎಳೆದು, ಪೂರ್ತಿ ಆರಿದ ಮೇಲೆ ತುಂಬಬೇಕು. ನಮ್ಮ ಅತ್ತೆ ಕಲಿಸಿದ್ದು ಇದು. ಒಂದು ಕಿಲೋ ಹಿಟ್ಟಿಗೆ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಹದಿನಾಲ್ಕು ಮೆತ್ತನೆ ರೊಟ್ಟಿ ಆಗುತ್ತವೆ. ತಾಟಿಗೆ ಎರಡು ಅಂತ ಹಿಡಿದರೂ ನೂರೈವತ್ತು ತಾಟಿಗೆ 300 ರೊಟ್ಟಿ. ಒಬ್ಬಳು ಬಡಿದು, ಒಬ್ಬಳು ಬೇಯಿಸಿದರೆ ತಾಸಿಗೆ ನಲವತ್ತರ ಮೇಲೆ ಆಗುವುದು ಕಷ್ಟ. ಏಳೆಂಟು ತಾಸು ಒಂದೇ ಒಲೆಯ ಮುಂದೆ ಕೂರುವುದು ಅಂದರೆ ಏನು ಅಂತ ಕೂತವರಿಗೇ ಗೊತ್ತು. ಅದಕ್ಕೆ ಕಡಕ್ ರೊಟ್ಟಿ ಎರಡು ದಿನ ಮುಂಚೆಯೇ ಮಾಡಿಟ್ಟುಕೊಂಡು, ಮೆತ್ತನೆಯದು ತಾಟಿಗೆ ಒಂದು ಅಂತ ಮಾಡು ಅಂದೆ. ಕಡಕ್ ರೊಟ್ಟಿ ಚೆನ್ನಾಗಿ ಆರಿ, ತೇವ ತಾಕದಿದ್ದರೆ ತಿಂಗಳವರೆಗೂ ಇರುತ್ತದೆ.

ಸಜ್ಜೆಯ ಮಾತು ಬೇರೆ. ಎಳ್ಳ ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ಹೊಲದಲ್ಲಿ ಚೆಲ್ಲುವ ಚರಗಕ್ಕೆ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಇಲ್ಲದೆ ಆಗುವುದಿಲ್ಲ. ಮೊದಲು ಮನೆ ಮನೆಯಲ್ಲೂ ಮಾಡುತ್ತಿದ್ದರು, ಈಗ ಊರಲ್ಲಿ ಇರುವವರು ನಮ್ಮ ಹತ್ತಿರ ಮಾಡಿಸಿ ಬುಟ್ಟಿಯಲ್ಲಿ ಹೊಲಕ್ಕೆ ಒಯ್ಯುತ್ತಾರೆ. ಒಂದು ವರ್ಷ ಕೆಲಸ ಹಗುರಾಗಲಿ ಅಂತ ಹದಿನೈದು ದಿನ ಮುಂಚೆಯೇ ಸಜ್ಜೆ ಬೀಸಿಸಿಟ್ಟೆ. ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ. ಬೀಸಿದ ಮೇಲೆ ಬೇಗ ಕಹಿಯಾಗುತ್ತದೆ. ಮೇಲೆ ಎಳ್ಳು ಹಚ್ಚಿ ನೋಡಲು ಚಂದ ಕಾಣುತ್ತಿದ್ದ 200 ರೊಟ್ಟಿಯನ್ನು ಯಾರೂ ಬಾಯಿಗೆ ಇಡಲಾಗಲಿಲ್ಲ. ಭೂಮಿತಾಯಿಗೆ ಚೆಲ್ಲುವ ಚರಗ ಅದು. ಮನೆ ಮನೆಗೆ ಹೋಗಿ ದುಡ್ಡು ವಾಪಸ್ ಕೊಟ್ಟು ಬಂದೆ. ಒಬ್ಬ ಅಜ್ಜಿ ದುಡ್ಡು ತಗೊಳ್ಳಲಿಲ್ಲ. "ಸಜ್ಜಿ ಹಿಟ್ಟ ಇಡಬಾರದವ್ವ, ಬೀಸಿದ ದಿನಾನೇ ಬಡೀಬೇಕು" ಅಂದರು. ಅವರ ಮನೆಗೆ ಈಗಲೂ ಪ್ರತಿ ವರ್ಷ ಮೊದಲ ಬುಟ್ಟಿ ಹೋಗುತ್ತದೆ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮನೆಯಲ್ಲಿ ಮಾಡಿ ಮಾರುವವರೂ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತೆಯ ಪ್ರಾಧಿಕಾರದ ನೋಂದಣಿ ಮಾಡಿಸಬೇಕು. ನಾನು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷದೊಳಗೆ ಇರುವವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. 14 ಅಂಕಿಯ ನಂಬರ್ ಕೊಡುತ್ತಾರೆ. ಮನೆಯ 14.2 ಕಿಲೋದ ಕೆಂಪು ಸಿಲಿಂಡರ್ ಇಟ್ಟು ಆರ್ಡರ್ ಅಡುಗೆ ಮಾಡುವುದು ಕಾಯ್ದೆಗೆ ವಿರುದ್ಧ. 19 ಕಿಲೋದ ವಾಣಿಜ್ಯ ಸಿಲಿಂಡರ್ ತಗೊಳ್ಳಬೇಕು. ದುಬಾರಿ ನಿಜ, ಅದನ್ನು ತಾಟಿನ ದರದಲ್ಲೇ ಹಿಡಿಯಬೇಕು. 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೇಂದ್ರದ 35 ಪರ್ಸೆಂಟ್ ಸಬ್ಸಿಡಿಗೆ ನಮ್ಮ ರಾಜ್ಯ 15 ಸೇರಿಸಿ ಕೊಟ್ಟಿತು. ಹಿಟ್ಟು ನಾದುವ ಯಂತ್ರವನ್ನು ನಾನು ಅದರಲ್ಲೇ ತಂದದ್ದು. ಭುಜದ ನೋವು ಅರ್ಧ ಕಡಿಮೆಯಾಗಿದೆ. ಬಡಿಯುವುದು ಮಾತ್ರ ಇನ್ನೂ ಕೈಯಲ್ಲೇ, ಯಂತ್ರದ ರೊಟ್ಟಿಯನ್ನು ನಮ್ಮ ಗಿರಾಕಿಗಳು ಒಪ್ಪುವುದಿಲ್ಲ.

ಕೊನೆಗೆ ಊಟ ಹಾಕಿಸುವವರಿಗೆ ಒಂದು ಮಾತು. ಅವರೂ ನಿಮ್ಮ ಓದುಗರೇ ಅಲ್ವಾ? ನೂರೈವತ್ತು ಅಂತ ಹೇಳಿ ಇನ್ನೂರು ಮಂದಿಯನ್ನು ಕರೆಯಬೇಡಿ. "ಹೆಚ್ಚು ಕಡಿಮಿ ನೋಡ್ಕೊಳ್ರಿ ಅಕ್ಕಾರ" ಅಂದುಬಿಡುತ್ತೀರಿ. ಆ ಐವತ್ತು ಮಂದಿಗೆ ಹೊಂದಿಸಲು ನಾವು ಸಾರಿಗೆ ನೀರು ಬೆರೆಸಬೇಕಾಗುತ್ತದೆ, ಇಲ್ಲಾ ಹಿಂದಿನಿಂದ ಅರೆಬೆಂದ ಅನ್ನ ಬಡಿಸಬೇಕಾಗುತ್ತದೆ. ಹೆಸರು ಕೆಡುವುದು ನಿಮ್ಮದೂ ಹೌದು, ನಮ್ಮದೂ ಹೌದು. ಊಟದ ಹೊತ್ತು ಸರಿಯಾಗಿ ಹೇಳಿ. ತಡವಾಗುವುದಾದರೆ ಒಂದು ಫೋನ್ ಮಾಡಿ, ನಾವು ಒಲೆಗೆ ಇಡುವುದನ್ನೇ ತಡ ಮಾಡುತ್ತೇವೆ. ಮೇ ತಿಂಗಳಲ್ಲಿ ಆ ಒಂದು ಫೋನ್‌ನಿಂದ ಇಡೀ ಪಂಗ್ತಿಯ ಹೊಟ್ಟೆ ಉಳಿಯುತ್ತದೆ. ಹಾಲ್ ಅಲಂಕಾರಕ್ಕೆ ಚೌಕಾಸಿ ಮಾಡದೆ ಕೊಟ್ಟವರು ತಾಟಿಗೆ ಹತ್ತು ರೂಪಾಯಿ ಇಳಿಸು ಅಂತ ಅರ್ಧ ತಾಸು ಕೂರುತ್ತಾರೆ. ಆ ಹತ್ತು ರೂಪಾಯಿ ಹೋಗುವುದು ರೊಟ್ಟಿ ಬಡಿಯುವವಳ ಕೂಲಿಯಲ್ಲಿ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಇಂಥ ಬರಹ ಇನ್ನೂ ಬರಲಿ, ಹೆಣ್ಣುಮಕ್ಕಳಿಗೆ ಧೈರ್ಯ ಬರುತ್ತದೆ. ಅದರ ಜೊತೆ ನಮ್ಮಂಥವರನ್ನು ಕೇಳಿ ಖರ್ಚಿನ ಲೆಕ್ಕ, ಅಳತೆ, ಬೇಸಿಗೆಯಲ್ಲಿ ಅಡುಗೆ ಕಾಯುವ ಬಗೆ ಇಷ್ಟನ್ನೂ ಹಾಕಿ. ನಮ್ಮ ಕೆಲಸಕ್ಕೆ ಪುಸ್ತಕ ಇಲ್ಲ, ಒಬ್ಬರಿಂದ ಒಬ್ಬರು ಕಲಿಯಬೇಕು. ಗೊತ್ತಿದ್ದದ್ದನ್ನು ಹೇಳಿಕೊಡಲು ನಾನು ಯಾವತ್ತೂ ತಯಾರಿದ್ದೇನೆ.

ಆ ಹುಡುಗಿಯ ತೊಟ್ಟಿಲ ಕಾರ್ಯದ ಅಡುಗೆ ಬರುವ ಭಾನುವಾರ. ಗುರುವಾರ ನನ್ನದೊಂದು ಗೃಹಪ್ರವೇಶದ ಆರ್ಡರ್ ಇದೆ, ನಸುಕಿನಲ್ಲೇ ಬಾ, ಮೊದಲಿಂದ ಕೊನೆವರೆಗೆ ನೋಡು ಅಂದಿದ್ದೇನೆ. ಕೂಸನ್ನು ಅತ್ತೆ ಹತ್ತಿರ ಬಿಟ್ಟು ಬರುತ್ತಾಳಂತೆ. ನಿನ್ನೆ ಸಂಜೆ ಬಂದು ಪಾರ್ಟಿಯವರ ಹತ್ತಿರ ಮಾತಾಡಿದೆ, ನೂರಾ ಎಂಬತ್ತು ಮಂದಿ ಆಗಬಹುದು ಅಂತ ಈಗ ಹೇಳಿದರು, ದರವನ್ನೂ ಹಂಗೇ ಕೂಡಿಸಿ ಹೇಳಿದೆ, ಒಪ್ಪಿಕೊಂಡರು ಅಂದಳು. ಒಯ್ಯುವ ಸಾಮಾನಿನ ಚೀಟಿ ತೋರಿಸಿದಳು. ಐದು ಕಿಲೋ ಕಡಲೆಹಿಟ್ಟು ಹೆಚ್ಚಿಗೆ ಬರೆದಿದ್ದಳು.

ಇಂತಿ,
ರೊಟ್ಟಿ ಕೇಂದ್ರದ ಒಬ್ಬ ಓದುಗಳು
ಬ್ರಹ್ಮಪುರ, ಕಲಬುರಗಿ